ದಿನಕ್ಕೆ 4071 ಲೀಟರ್ ನೀರು: ನನ್ನ ಪಾಲು ಎಲ್ಲಿ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಐದು ಜನ, ಎರಡು ಸೀಮೆಹಸು. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ, ಅದೂ ಒಂದೇ ಗಂಟೆ. ಎರಡು ಡ್ರಮ್ಮು, ಹತ್ತು ಕೊಡ ತುಂಬಿಸಿಕೊಳ್ಳುತ್ತೇವೆ. ಹಸುಗಳಿಗೆ ಟ್ಯಾಂಕರ್. ಭಾರತದಲ್ಲಿ ಒಬ್ಬೊಬ್ಬರಿಗೂ ವರ್ಷಕ್ಕೆ 1486 ಘನ ಮೀಟರ್ ನೀರಿದೆ ಅಂತ ಮೊನ್ನೆ ಪೇಪರಿನಲ್ಲಿ ಓದಿದೆ. ಭಾಗಿಸಿ ನೋಡಿದರೆ ದಿನಕ್ಕೆ ನಾಲ್ಕು ಸಾವಿರ ಲೀಟರ್! ಇಷ್ಟಿದ್ದೂ ದೇಶಕ್ಕೆ ನೀರಿನ ಕೊರತೆ ಅಂತ ಅದೇ ಪೇಪರ್ ಬರೆದಿತ್ತು. ಈ ಕೊರತೆಯನ್ನು ಹೇಗೆ ಅಳೆಯುತ್ತಾರೆ? ಆ ಲೆಕ್ಕದಲ್ಲಿ ನಾವು ಇದ್ದೀವಾ?

ಉತ್ತರ:

ನೀವು ಹಾಕಿದ ಲೆಕ್ಕ ಸರಿಯಾಗಿದೆ. ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್. 1486 ಘನ ಮೀಟರನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 4071 ಲೀಟರ್ ಬರುತ್ತದೆ. ಈಗ ನಿಮ್ಮ ಮನೆ ಲೆಕ್ಕ ನೋಡೋಣ. ಡ್ರಮ್ಮು 200 ಲೀಟರಿಂದು, ಕೊಡ 15 ಲೀಟರಿಂದು ಅಂತಿಟ್ಟುಕೊಳ್ಳಿ. ಒಟ್ಟು 550 ಲೀಟರ್. ನಾಲ್ಕು ದಿನ, ಐದು ಜನ. ತಲೆಗೆ ದಿನಕ್ಕೆ 27 ಲೀಟರ್ ಚಿಲ್ಲರೆ. ಹಸುಗಳನ್ನು ನಾನಿನ್ನೂ ಸೇರಿಸಿಲ್ಲ.

4071 ಎಲ್ಲಿ, 27 ಎಲ್ಲಿ! ಆದರೂ ಎರಡರಲ್ಲಿ ಯಾವುದೂ ಸುಳ್ಳಲ್ಲ. ಒಂದು ಇಡೀ ದೇಶದ ಮೇಲೆ ಬಿದ್ದು ಹರಿದ ನೀರು. ಇನ್ನೊಂದು ನಿಮ್ಮ ಬಚ್ಚಲಿಗೆ, ಒಲೆ ಮುಂದಕ್ಕೆ ಬಂದ ನೀರು. ಈ ಎರಡರ ನಡುವೆ ಏನೇನು ಕಳೆದುಹೋಗುತ್ತದೆ ಅಂತ ನೋಡಿದರೆ ಅಳತೆಗಳ ಕಥೆಯೂ ಬಿಚ್ಚಿಕೊಳ್ಳುತ್ತದೆ.

ಮೊದಲು ಆ 1486. ಕೇಂದ್ರ ಜಲ ಆಯೋಗ 2019ರಲ್ಲಿ ದೇಶದ ನದಿ ಕೊಳ್ಳಗಳ ನೀರನ್ನು ಮತ್ತೆ ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 1999 ಶತಕೋಟಿ ಘನ ಮೀಟರ್ ಅಂತ ಬಂತು. ಹತ್ತಿರ ಹತ್ತಿರ ಎರಡು ಲಕ್ಷ ಕೋಟಿ ಘನ ಮೀಟರ್. ಅದನ್ನು 2021ಕ್ಕೆ ಅಂದಾಜಿಸಿದ ಜನಸಂಖ್ಯೆಗೆ ಹಂಚಿದರು. ಸಿಕ್ಕಿದ್ದು 1486. ಅಷ್ಟೇ, ಅದರಲ್ಲಿ ಇನ್ನೇನೂ ಮ್ಯಾಜಿಕ್ ಇಲ್ಲ. ಆ ಎರಡು ಲಕ್ಷ ಕೋಟಿಯಲ್ಲಿ ಬ್ರಹ್ಮಪುತ್ರದ ಪ್ರವಾಹವೂ ಸೇರಿದೆ. ಪಶ್ಚಿಮ ಘಟ್ಟದಿಂದ ಇಳಿದು ಅರಬ್ಬಿ ಸಮುದ್ರ ಸೇರುವ ಶರಾವತಿ, ಕಾಳಿ, ನೇತ್ರಾವತಿಯ ಮಳೆಗಾಲದ ನೀರೂ ಇದೆ. ಹಿಡಿದು ಬಳಸಲು ಸಾಧ್ಯವಿರುವುದು ಸುಮಾರು 1122 ಶತಕೋಟಿ ಘನ ಮೀಟರ್ ಅಂತ ಸರ್ಕಾರದ್ದೇ ಲೆಕ್ಕವಿದೆ. ಇದನ್ನು ಅದೇ ಜನಸಂಖ್ಯೆಗೆ ಹಂಚಿ ನೋಡಿ, ತಲೆಗೆ 830ರ ಆಸುಪಾಸು. ಒಂದೇ ದೇಶ, ಒಂದೇ ವರ್ಷ. ಮೇಲಿನ ಸಂಖ್ಯೆ ಬದಲಿಸಿದ್ದಕ್ಕೆ ಉತ್ತರ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು.

ಹಾಗಾದರೆ ಎಷ್ಟಿದ್ದರೆ ಸಾಕು, ಎಷ್ಟಾದರೆ ಕೊರತೆ? ಪೇಪರುಗಳಲ್ಲಿ ಬರುವ ಗೆರೆಯನ್ನು ಎಳೆದವರು ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್. ಅವರು 1989ರಲ್ಲಿ ಈ ಪ್ರಶ್ನೆಯನ್ನು ತಿರುವಿ ಕೇಳಿದರು. ಒಬ್ಬರಿಗೆ ಎಷ್ಟು ನೀರು ಬೇಕು ಅನ್ನೋದರ ಬದಲು, ಹತ್ತು ಲಕ್ಷ ಘನ ಮೀಟರ್ ನೀರಿನ ಮೇಲೆ ಎಷ್ಟು ಜನ ಮುಗಿಬಿದ್ದಿದ್ದಾರೆ ಅಂತ. ಸುಮಾರು 600 ಜನ ದಾಟಿದರೆ ಒತ್ತಡ. ಸಾವಿರ ದಾಟಿದರೆ ಕೊರತೆ. ಎರಡು ಸಾವಿರ ದಾಟಿದರೆ ತೀವ್ರ ಕೊರತೆ. ಅದನ್ನೇ ತಲಾ ಲೆಕ್ಕಕ್ಕೆ ತಿರುಗಿಸಿದಾಗ 1700, 1000, 500 ಘನ ಮೀಟರ್ ಅನ್ನುವ ಪ್ರಸಿದ್ಧ ಗೆರೆಗಳು ಹುಟ್ಟಿಕೊಂಡವು. 1486 ಅನ್ನೋದು 1700ರ ಕೆಳಗಿದೆ, ಸಾವಿರದ ಮೇಲಿದೆ. ಹಾಗಾಗಿ ಭಾರತ ‘ಒತ್ತಡದ ದೇಶ’. ನಿಮ್ಮ ಪೇಪರ್ ಕೊರತೆ ಅಂದದ್ದು ಇದನ್ನೇ.

ದಿನಕ್ಕೆ ನಾಲ್ಕು ಸಾವಿರ ಲೀಟರ್ ಇದ್ದೂ ಒತ್ತಡ ಹೇಗೆ ಅಂತೀರಾ? ಅದು ಕುಡಿಯುವ ನೀರಲ್ಲ, ಉಣ್ಣುವ ನೀರು. ಒಂದು ಕಿಲೋ ಅಕ್ಕಿ ಬೆಳೆಯಲು ಎರಡು-ಎರಡೂವರೆ ಸಾವಿರ ಲೀಟರ್ ಬೇಕು. ನಿಮ್ಮ ತಟ್ಟೆಯ ಅನ್ನ, ಮೈಮೇಲಿನ ಹತ್ತಿ ಬಟ್ಟೆ, ಕರೆಂಟು, ಎಲ್ಲದರ ನೀರೂ ಆ ಲೆಕ್ಕದಲ್ಲಿದೆ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬೇಕಾದ್ದು ಅದರಲ್ಲಿ ಚಿಟಿಕೆಯಷ್ಟು.

ಈ ಗೆರೆಯ ಬಗ್ಗೆ ನನಗೊಂದು ತಕರಾರಿದೆ. 1951ರಲ್ಲಿ ಭಾರತದ ತಲಾ ನೀರು 5177 ಘನ ಮೀಟರ್ ಇತ್ತು, ಈಗ ಇಷ್ಟಕ್ಕೆ ಕುಸಿದಿದೆ ಅಂತ ಭಾಷಣಗಳಲ್ಲಿ ಕೇಳುತ್ತೀರಿ. ದೇಶದ ಮಳೆಯೇನೂ ಮೂರನೇ ಒಂದು ಭಾಗಕ್ಕೆ ಇಳಿದಿಲ್ಲ. ಮೇಲಿನ ಸಂಖ್ಯೆ ಹೆಚ್ಚುಕಮ್ಮಿ ಅಲ್ಲೇ ಇದೆ, ಕೆಳಗೆ ಭಾಗಿಸುವ ಜನಸಂಖ್ಯೆ ಬೆಳೆದಿದೆ. ಅಂದರೆ ಇದು ನೀರಿನ ಅಳತೆಯ ವೇಷ ಹಾಕಿಕೊಂಡ ಜನಗಣತಿ. ನೀವು ಕೆರೆ ಹೂಳೆತ್ತಿದರೂ ಈ ಸಂಖ್ಯೆ ಏರುವುದಿಲ್ಲ, ಕೆರೆ ಮುಚ್ಚಿ ಲೇಔಟ್ ಮಾಡಿದರೂ ಇಳಿಯುವುದಿಲ್ಲ.

ಇನ್ನು ಜಾಗ ಮತ್ತು ಕಾಲ. ಸರಾಸರಿಗೆ ಇವೆರಡೂ ಗೊತ್ತಿಲ್ಲ. ಕರ್ನಾಟಕದ ನದಿ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಶ್ಚಿಮಕ್ಕೆ ಹರಿಯುತ್ತದೆ. ನಿಮ್ಮ ಕೋಲಾರ ಜಿಲ್ಲೆಯ ಪಾಲಾರ್, ದಕ್ಷಿಣ ಪಿನಾಕಿನಿ ಮಳೆ ಬಂದಾಗ ಮಾತ್ರ ನದಿ, ಮಿಕ್ಕಂತೆ ಮರಳಿನ ದಾರಿ. ಆಗುಂಬೆಯ ನೀರನ್ನು ನಿಮ್ಮ ಹೆಸರಲ್ಲಿ ಬರೆದುಕೊಂಡರೆ ನಿಮಗೇನು ಲಾಭ? ಕಾಲದ್ದೂ ಇದೇ ಕಥೆ. ಆಗಸ್ಟಿನ ನೀರು ಏಪ್ರಿಲ್ಲಿಗೆ ಉಳಿದಿರುವುದಿಲ್ಲ. ಮೆಕೋನೆನ್ ಮತ್ತು ಹೂಕ್ಸ್ಟ್ರಾ ಅನ್ನುವ ಇಬ್ಬರು ಸಂಶೋಧಕರು 2016ರಲ್ಲಿ ವರ್ಷದ ಲೆಕ್ಕ ಬಿಟ್ಟು ತಿಂಗಳ ಲೆಕ್ಕ ಹಾಕಿದರು. ವರ್ಷದಲ್ಲಿ ಕನಿಷ್ಠ ಒಂದು ತಿಂಗಳಾದರೂ ತೀವ್ರ ಕೊರತೆಯಲ್ಲಿ ಬದುಕುವವರು ಜಗತ್ತಿನಲ್ಲಿ 400 ಕೋಟಿ ಅಂತ ಬಂತು. ಅದರಲ್ಲಿ ಸುಮಾರು 100 ಕೋಟಿ ಭಾರತದವರೇ. ಅದಕ್ಕೂ ಹಿಂದಿನ ವಾರ್ಷಿಕ ಲೆಕ್ಕಗಳಲ್ಲಿ ಇಷ್ಟು ಜನ ಕಂಡಿರಲಿಲ್ಲ.

ಎರಡನೇ ಬಗೆಯ ಅಳತೆ ಜನರನ್ನು ಎಣಿಸುವುದಿಲ್ಲ, ಬಳಕೆಯನ್ನು ಎಣಿಸುತ್ತದೆ. ಸಿಗುವ ನೀರಿನಲ್ಲಿ ಶೇಕಡಾ ಎಷ್ಟನ್ನು ಎತ್ತುತ್ತಿದ್ದೀರಿ? ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇರುವುದು ಇದೇ. ಅದು ಮೊದಲು ನದಿಯ ಜೀವಕ್ಕೆ ಬೇಕಾದ ನೀರನ್ನು ತೆಗೆದಿಡುತ್ತದೆ, ಉಳಿದದ್ದರಲ್ಲಿ ಶೇ 25 ದಾಟಿದರೆ ಒತ್ತಡ ಶುರು ಅನ್ನುತ್ತದೆ. ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ನಕ್ಷೆಯಲ್ಲಿ ಶೇ 40 ಮೇಲೆ ‘ಹೆಚ್ಚು’, 80 ಮೇಲೆ ‘ಅತಿ ಹೆಚ್ಚು’. ಎರಡರ ಗೆರೆಗಳೂ ಬೇರೆ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ನಿಮಗೆ ನಿಜವಾಗಿ ತಟ್ಟುವುದು ಇದರ ದೇಸಿ ರೂಪ, ಕೇಂದ್ರ ಅಂತರ್ಜಲ ಮಂಡಳಿಯದ್ದು. ಮಳೆಯಿಂದ, ಕೆರೆಯಿಂದ ವರ್ಷಕ್ಕೆ ಎಷ್ಟು ನೀರು ನೆಲಕ್ಕೆ ಇಳಿಯುತ್ತದೆ, ಅದರಲ್ಲಿ ಎತ್ತಬಹುದಾದ್ದು ಎಷ್ಟು, ಎತ್ತಿದ್ದು ಎಷ್ಟು ಅಂತ ತಾಲ್ಲೂಕುವಾರು ಲೆಕ್ಕ. ಶೇ 70ರ ಒಳಗಿದ್ದರೆ ಸುರಕ್ಷಿತ. 90ರವರೆಗೆ ಅರೆ ಗಂಭೀರ. ನೂರರವರೆಗೆ ಗಂಭೀರ. ನೂರು ದಾಟಿದರೆ ಅತಿಬಳಕೆ. 2023ರ ವರದಿಯಲ್ಲಿ ಇಡೀ ದೇಶದ ಅಂಕಿ ಶೇ 59. ಕೇಳಲು ಎಷ್ಟು ಹಿತವಾಗಿದೆ ಅಲ್ವಾ? ಕೋಲಾರ ಜಿಲ್ಲೆ ಮಾತ್ರ ವರ್ಷಗಳಿಂದ ನೂರರ ಆಚೆಯೇ ಇದೆ.

ನೂರಕ್ಕಿಂತ ಜಾಸ್ತಿ ಎತ್ತೋದು ಹೇಗೆ ಸಾಧ್ಯ ಅಂತ ಬಹಳ ಜನ ಕೇಳುತ್ತಾರೆ. ನಿಮ್ಮ ಅಜ್ಜನ ಕಾಲದ ರಾಗಿ ಹಗೇವು, ಅಂದರೆ ನೆಲದಡಿ ಕಾಳು ತುಂಬಿಡುವ ಗುಂಡಿ, ನೆನಪಿಸಿಕೊಳ್ಳಿ. ಈ ವರ್ಷದ ಬೆಳೆ ಹತ್ತು ಮೂಟೆ, ತಿಂದದ್ದು ಹದಿನೈದು ಮೂಟೆ. ಮಿಕ್ಕ ಐದು ಹಿಂದಿನ ವರ್ಷಗಳ ದಾಸ್ತಾನಿನಿಂದ ಬಂತು. ಶೇ 150. ನಮ್ಮ ಬೋರ್‌ವೆಲ್‌ಗಳು ಮಾಡಿದ್ದು ಅದನ್ನೇ. ಆದರೆ ಹಗೇವು ಒಂದು ದಿನ ಖಾಲಿಯಾಗುತ್ತದೆ. ಆಮೇಲೆ ನೀವು ಎಷ್ಟೇ ಹಸಿದಿದ್ದರೂ ಆ ವರ್ಷ ಬೆಳೆದದ್ದಕ್ಕಿಂತ ಜಾಸ್ತಿ ತಿನ್ನಲಾರಿರಿ. ಶೇಕಡಾವಾರು ತಾನಾಗಿಯೇ ನೂರರ ಕಡೆ ಇಳಿಯುತ್ತದೆ. ಕಲ್ಲುನೆಲದ ತಾಲ್ಲೂಕುಗಳಲ್ಲಿ ಈ ಅಂಕಿ ಇಳಿದಾಗ ನಾನು ತಕ್ಷಣ ಖುಷಿಪಡುವುದಿಲ್ಲ. ಮಳೆ ಚೆನ್ನಾಗಿ ಆಯ್ತಾ, ಇಲ್ಲ ಎತ್ತಲು ಏನೂ ಉಳಿದಿಲ್ವಾ ಅಂತ ಮೊದಲು ಕೇಳುತ್ತೇನೆ.

ಈ ಅಂಕಿ ಹುಟ್ಟುವ ಬಗೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ನಾನು ಕೆಲಸ ಕಲಿಯುವಾಗ ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡುತ್ತಿದ್ದೆವು. ಮೇಲೆ ಎಳೆದಾಗ ಸುಣ್ಣ ಎಲ್ಲಿವರೆಗೆ ಒದ್ದೆಯಾಗಿದೆ ಅಂತ ನೋಡಿ, ಕಳೆದು, ನೀರಿನ ಮಟ್ಟ ಬರೆದುಕೊಳ್ಳುವುದು. ಈಗ ನೀರು ಮುಟ್ಟಿದರೆ ಬೀಪ್ ಅನ್ನುವ ಸಾಧನ ಇದೆ, ತಾನೇ ದಾಖಲಿಸುವ ಯಂತ್ರವೂ ಇದೆ. ಮಳೆಗಾಲಕ್ಕೆ ಮುಂಚೆ ಒಂದು ಮಟ್ಟ, ಮಳೆಗಾಲ ಮುಗಿದ ಮೇಲೆ ಒಂದು ಮಟ್ಟ. ನಡುವಿನ ಏರಿಕೆಯೇ ಮಳೆ ಕೊಟ್ಟದ್ದು.

ಆದರೆ ಐದು ಮೀಟರ್ ಏರಿತು ಅಂದರೆ ಐದು ಮೀಟರ್ ನೀರು ಬಂತು ಅಂತಲ್ಲ. ನೆಲದೊಳಗೆ ಇರುವುದು ಕಲ್ಲು. ಅದರ ಸಂದಿಯಲ್ಲಷ್ಟೇ ನೀರು. ನಿಮ್ಮ ಕಡೆಯ ಸವೆದ ಗ್ರಾನೈಟಿನಲ್ಲಿ ಸಂದಿಯಿಂದ ಬಸಿದು ಬರುವುದು ಶೇ ಒಂದೂವರೆಯಿಂದ ಮೂರು. ಎರಡು ಅಂತಿಟ್ಟುಕೊಂಡರೆ ಐದು ಮೀಟರ್ ಏರಿಕೆ ಅಂದರೆ ಬರೀ ಹತ್ತು ಸೆಂಟಿಮೀಟರ್ ನೀರು. ಪಂಜಾಬಿನ ಮರಳುಮಣ್ಣಿನಲ್ಲಿ ಅದೇ ಐದು ಮೀಟರ್ ಅಂದರೆ ಇದರ ಐದಾರು ಪಟ್ಟು. ನಮ್ಮ ಬಾವಿಗಳು ಒಂದು ಒಳ್ಳೆ ಮಳೆಗೆ ದಿಢೀರ್ ಉಕ್ಕುವುದೂ, ಅಷ್ಟೇ ಬೇಗ ತಳ ಕಾಣುವುದೂ ಇದಕ್ಕೇ. ಒಂದೂವರೆ ಹಾಕಬೇಕೋ ಮೂರು ಹಾಕಬೇಕೋ ಅನ್ನುವುದರ ಮೇಲೆಯೇ ತಾಲ್ಲೂಕಿನ ನೀರು ಕಾಗದದ ಮೇಲೆ ದುಪ್ಪಟ್ಟಾಗಬಹುದು.

ಎತ್ತಿದ ನೀರಿನ ಲೆಕ್ಕ ಇನ್ನೂ ಸಡಿಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಬೋರ್‌ವೆಲ್ಲಿಗೆ ನೀರಿನ ಮೀಟರ್ ಅಂತೂ ಇಲ್ಲ. ಎಷ್ಟು ಬೋರು, ಒಂದೊಂದು ಎಷ್ಟು ಎತ್ತಬಹುದು, ಯಾವ ಬೆಳೆ ಎಷ್ಟು ಎಕರೆ, ಇವುಗಳಿಂದ ಅಂದಾಜು ಮಾಡುತ್ತಾರೆ. ತಜ್ಞರ ಅಂದಾಜು ಹೌದು. ಆದರೂ ಅಂದಾಜೇ.

ಒಂದು ಬಲೆಯ ಬಗ್ಗೆ ಹೇಳಲೇಬೇಕು. ದಕ್ಷಿಣ ಭಾರತದಲ್ಲಿ ಅಂತರ್ಜಲ ಏರುತ್ತಿದೆ ಅಂತ ಕೆಲವು ಅಧ್ಯಯನಗಳು ಹೇಳಿದವು. ರೈತರಂತೂ ಇನ್ನೂ ಆಳಕ್ಕೆ ಕೊರೆಸುತ್ತಲೇ ಇದ್ದರು. ಇದೇನು ವಿಚಿತ್ರ ಅಂತ ತೇಜಸ್ವಿ ಹೋರಾ, ವೀಣಾ ಶ್ರೀನಿವಾಸನ್, ನಂದಿತಾ ಬಸು 2019ರಲ್ಲಿ ಬಾವಿಗಳ ದಾಖಲೆ ಕೆದಕಿದರು. ಬತ್ತಿದ ಬಾವಿಗೆ ಮಟ್ಟ ಇರುವುದಿಲ್ಲ. ಅಂಕಣ ಖಾಲಿ. ಖಾಲಿ ಅಂಕಣವಿರುವ ಬಾವಿಗಳನ್ನು ವಿಶ್ಲೇಷಣೆಯಲ್ಲಿ ಕೈಬಿಡುತ್ತಾರೆ. ಉಳಿದದ್ದು ನೀರಿರುವ ಬಾವಿಗಳು ಮಾತ್ರ, ಅವುಗಳ ಸರಾಸರಿ ಚೆನ್ನಾಗಿಯೇ ಇರುತ್ತದೆ. ಪರೀಕ್ಷೆಗೆ ಬರದವರನ್ನು ಬಿಟ್ಟು ಶಾಲೆಯ ಫಲಿತಾಂಶ ತೆಗೆದ ಹಾಗೆ. ಸೀಮೆಸುಣ್ಣದ ಟೇಪು ಒಣಗಿದಂತೆಯೇ ಮೇಲೆ ಬಂದಾಗ ನಾವೂ ರಿಜಿಸ್ಟರಿನಲ್ಲಿ ‘ಒಣಗಿದೆ’ ಅಂತ ಬರೆದು ಮುಂದಿನ ಬಾವಿಗೆ ಹೋಗುತ್ತಿದ್ದೆವು. ಆ ಪದವನ್ನು ಕೂಡಿಸಿ ಕಳೆಯಲು ಬರುವುದಿಲ್ಲ ಅನ್ನುವುದು ಆಗ ತಲೆಗೆ ಹೋಗಿರಲಿಲ್ಲ.

ಉಪಗ್ರಹ ಇದೆಯಲ್ಲ ಅಂತ ಕೇಳಬಹುದು. 2002ರಲ್ಲಿ ಹಾರಿದ ಗ್ರೇಸ್ ಅನ್ನುವ ಜೋಡಿ ಉಪಗ್ರಹಗಳು ಭೂಮಿಯ ಗುರುತ್ವದ ಏರಿಳಿತದಿಂದಲೇ ನೆಲದಡಿಯ ನೀರು ಕಮ್ಮಿಯಾಗಿದ್ದನ್ನು ಪತ್ತೆ ಮಾಡಿದವು. ಅದ್ಭುತ ಕೆಲಸ. ಆದರೆ ಅವುಗಳ ಕಣ್ಣಿಗೆ ಕಾಣುವುದು ನೂರಾರು ಕಿಲೋಮೀಟರ್ ಅಗಲದ ಪ್ರದೇಶ. ಮುಳಬಾಗಿಲು ತಾಲ್ಲೂಕು ಅಲ್ಲಿ ಒಂದು ಚುಕ್ಕೆಯೂ ಅಲ್ಲ.

ಬರದ ಲೆಕ್ಕ ಬೇರೆಯೇ, ಬೇಗ ಹೇಳಿಬಿಡುತ್ತೇನೆ. ಹವಾಮಾನ ಇಲಾಖೆಗೆ ಮಳೆ ವಾಡಿಕೆಗಿಂತ ಶೇ 19 ಕಮ್ಮಿಯಾದರೂ ‘ಸಾಮಾನ್ಯ’. 20ರಿಂದ 59 ಕಮ್ಮಿಯಾದರೆ ‘ಕೊರತೆ’. ಒಂದೇ ಅಂಕಿಯಲ್ಲಿ ಹಣೆಬರಹ ಬದಲಾಗುತ್ತದೆ. ಆದ್ದರಿಂದ ಕೇಂದ್ರ ಸರ್ಕಾರದ 2016ರ ಬರ ಕೈಪಿಡಿ ಮಳೆ ಒಂದನ್ನೇ ನಂಬುವುದಿಲ್ಲ. ಸತತ ಎಷ್ಟು ವಾರ ಒಣಹವೆ, ಬಿತ್ತನೆ ಎಷ್ಟು, ಮಣ್ಣಿನ ತೇವ, ಉಪಗ್ರಹ ಚಿತ್ರದಲ್ಲಿ ಹಸಿರು ಎಷ್ಟು, ಎಲ್ಲ ನೋಡಿ, ಕೊನೆಗೆ ಕೆಲವು ಹಳ್ಳಿಗಳ ಹೊಲಕ್ಕೇ ಹೋಗಿ ಖಾತ್ರಿ ಮಾಡಿಕೊಳ್ಳಬೇಕು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದದ್ದು ಹೀಗೆ, ಕಂತು ಕಂತಾಗಿ.

ಇಲ್ಲಿವರೆಗಿನ ಯಾವ ಅಳತೆಯೂ ನೀರನ್ನು ನಾಲಿಗೆಗೆ ಹಚ್ಚಿ ನೋಡಿಲ್ಲ. ನಿಮ್ಮ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು. ದಾಟಿದ ನೀರೂ ಅಂತರ್ಜಲದ ಲೆಕ್ಕದಲ್ಲಿ ಘನ ಮೀಟರೇ. ಅದನ್ನು ಕುಡಿಯಲಾಗದೆ ನೀವು ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುವುದು ಯಾವ ಕೋಷ್ಟಕದಲ್ಲೂ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆಯಲ್ಲ, ಅದೂ ಹೀಗೇ. ಮಟ್ಟ ಅಳೆಯುವ ಟೇಪಿಗೆ ಅದು ಒಳ್ಳೆ ಸುದ್ದಿ. ಆ ನೀರು ಎಂಥದ್ದು ಅನ್ನುವ ಜಗಳ ಟೇಪಿಗೆ ಕೇಳಿಸುವುದಿಲ್ಲ.

ನೀರಿದ್ದೂ ಮನೆಗೆ ಬಾರದಿರುವುದು ಮತ್ತೊಂದು ಬಗೆಯ ಕೊರತೆ. ಕಾಂಗೋ ದೇಶದಲ್ಲಿ, ನೀರಿನ ಪ್ರಮಾಣದಲ್ಲಿ ಆಫ್ರಿಕಾದ ಅತಿ ದೊಡ್ಡ ಹೊಳೆ ಹರಿಯುತ್ತದೆ. ಫಾಲ್ಕನ್‌ಮಾರ್ಕ್ ಗೆರೆಯ ಪ್ರಕಾರ ಅದು ನೀರಿನಲ್ಲಿ ಶ್ರೀಮಂತ ದೇಶ. ಅಲ್ಲಿನ ಕೋಟ್ಯಂತರ ಜನಕ್ಕೆ ಶುದ್ಧ ನೀರಿನ ನಲ್ಲಿ ಇಲ್ಲ. ಇದನ್ನು ಹಿಡಿಯಲು 2019ರಲ್ಲಿ ಒಂದು ಹೊಸ ಅಳತೆಗೋಲು ಬಂತು, ಮನೆಗಳಿಗೇ ಹೋಗಿ ಕೇಳುವ ಹನ್ನೆರಡು ಪ್ರಶ್ನೆಗಳದ್ದು. ಕಳೆದ ನಾಲ್ಕು ವಾರದಲ್ಲಿ ನೀರಿಲ್ಲ ಅಂತ ಬಟ್ಟೆ ಒಗೆಯೋದು ನಿಂತಿತ್ತಾ? ಅಡುಗೆ ಬದಲಿಸಬೇಕಾಯ್ತಾ? ಕೈ ತೊಳೆಯೋಕೆ ಆಗಲಿಲ್ವಾ? ಬಾಯಾರಿಕೊಂಡೇ ಮಲಗಿದ್ರಾ? ನಾಚಿಕೆ ಆಯ್ತಾ? ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಒಟ್ಟು 36ಕ್ಕೆ 12 ಅಥವಾ ಹೆಚ್ಚು ಬಂದರೆ ಆ ಮನೆಗೆ ನೀರಿನ ಭದ್ರತೆ ಇಲ್ಲ. ಮೀಟರ್, ಟೇಪು, ಉಪಗ್ರಹ ಯಾವುದೂ ಬೇಡ. ನನಗೆ ಇದು ಬಹಳ ಇಷ್ಟವಾದ ಅಳತೆ. ಉತ್ತರ ಕೊಡುವವರು ಸಾಮಾನ್ಯವಾಗಿ ಕೊಡ ಹೊರುವವರೇ ಆಗಿರುತ್ತಾರೆ.

ಹೆದರಿಸುವ ಸಂಖ್ಯೆಗಳ ಬಗ್ಗೆಯೂ ಹುಷಾರಾಗಿರಿ. 2018ರ ನೀತಿ ಆಯೋಗದ ವರದಿಯಲ್ಲಿ ಬೆಂಗಳೂರೂ ಸೇರಿ 21 ನಗರಗಳ ಅಂತರ್ಜಲ 2020ರ ಹೊತ್ತಿಗೆ ಮುಗಿಯುತ್ತದೆ ಅಂತ ಇತ್ತು. 2020 ಬಂತು, ಹೋಯ್ತು. ಬೋರ್‌ವೆಲ್‌ಗಳು ಓಡುತ್ತಲೇ ಇದ್ದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿ ಬತ್ತಿದ್ದು ನಿಜ. ಆದರೆ ಕಷ್ಟ ಹೆಚ್ಚಾಗಿ ಬಿದ್ದದ್ದು ಕಾವೇರಿ ಪೈಪು ತಲುಪದ ಹೊರವಲಯಕ್ಕೆ. ಹಳೇ ಬಡಾವಣೆಗಳಿಗೆ ಕಾವೇರಿ ಬರುತ್ತಲೇ ಇತ್ತು. ‘ನಗರದ ನೀರು ಮುಗಿಯುತ್ತದೆ’ ಅನ್ನುವ ಒಂದೇ ತಾರೀಖಿನಲ್ಲಿ ಈ ಭೇದ ಕಾಣುವುದೇ ಇಲ್ಲ.

ಈಗ ನಿಮ್ಮ ಕೊನೇ ಪ್ರಶ್ನೆ, ಆ ಲೆಕ್ಕದಲ್ಲಿ ನೀವು ಇದ್ದೀರಾ ಅಂತ. 1486ರಲ್ಲಿ ಹೆಸರಿಗೆ ಮಾತ್ರ ಇದ್ದೀರಿ. ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕಿದೆ, ಮನೆ ಇಲ್ಲ. ನಿಮ್ಮ ಮನೆಯೇ ಇರುವ ಒಂದು ಅಂಕಿ ಮಾತ್ರ ಇದೆ, 55. ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಅಂತಾರಲ್ಲ, ಅದರಲ್ಲಿ ಹಳ್ಳಿಯ ತಲೆಗೆ ದಿನಕ್ಕೆ 55 ಲೀಟರ್ ಅಂತ ಮಾನದಂಡ. ನಿಮಗೆ ಬರುತ್ತಿರುವುದು ಅದರ ಅರ್ಧ.

ಇದನ್ನು ಸಾಬೀತು ಮಾಡಲು ಒಂದು ಕೊಡ, ಒಂದು ಗಡಿಯಾರ ಸಾಕು. ಒಂದು ಗಂಟೆಗೆ 550 ಲೀಟರ್ ಅಂದರೆ 15 ಲೀಟರಿನ ಕೊಡ ಸುಮಾರು ನೂರು ಸೆಕೆಂಡಿಗೆ ತುಂಬಬೇಕು. ಮುಂದಿನ ಸಲ ನೀರು ಬಿಟ್ಟಾಗ ಶುರುವಿನಲ್ಲಿ ಒಮ್ಮೆ, ನಡುವೆ ಒಮ್ಮೆ, ಕೊನೆಗೆ ಒಮ್ಮೆ ನೋಡಿ. ಗೋಡೆ ಕ್ಯಾಲೆಂಡರಿನಲ್ಲೇ ತಾರೀಖು, ಎಷ್ಟೊತ್ತು ಬಂತು, ಕೊಡಕ್ಕೆ ಎಷ್ಟು ಸೆಕೆಂಡ್ ಅಂತ ಬರೆಯಿರಿ. ನೀರು ಬಾರದ ದಿನವೂ ಬರೆಯಿರಿ, ಖಾಲಿ ಬಿಡಬೇಡಿ, ಸೊನ್ನೆ ಹಾಕಿ. ಬೀದಿಯ ತುದಿಯ ಮನೆಯಲ್ಲೂ ಒಬ್ಬರಿಗೆ ಹೇಳಿ ಬರೆಸಿ, ಅಲ್ಲಿಗೆ ಬರುವಷ್ಟರಲ್ಲಿ ರಭಸ ಇನ್ನೂ ಕಮ್ಮಿ ಇರುತ್ತದೆ. ಮೂರು ತಿಂಗಳು ಸಾಕು. ಗ್ರಾಮಸಭೆಯಲ್ಲಿ ‘ನೀರು ಸಾಲ್ತಿಲ್ಲ’ ಅಂದರೆ ಸುಮ್ನೆ ತಲೆಯಾಡಿಸಿ ಕಳಿಸುತ್ತಾರೆ. ‘ಐದು ಜನಕ್ಕೆ 55ರ ಲೆಕ್ಕದಲ್ಲಿ ನಾಲ್ಕು ದಿನಕ್ಕೆ 1100 ಲೀಟರ್ ಬೇಕು, ಬರ್ತಿರೋದು 550, ಇದೇ ರಭಸದಲ್ಲಿ ಇನ್ನೊಂದು ಗಂಟೆ ಬಿಡಿ’ ಅಂದರೆ ಉತ್ತರ ಕೊಡಲೇಬೇಕಾಗುತ್ತದೆ.

ಹಸುಗಳದ್ದು ಬೇರೆ ಅರ್ಜಿ ಬರೆಯಿರಿ. 55ರ ಲೆಕ್ಕದಲ್ಲಿ ತಲೆ ಅಂದರೆ ಮನುಷ್ಯರ ತಲೆ ಮಾತ್ರ. ಹಾಲು ಕರೆಯುವ ಸೀಮೆಹಸುವಿಗೆ ದಿನಕ್ಕೆ 60 ಲೀಟರ್ ಅಂತ ಹಿಡಿದರೂ ಎರಡಕ್ಕೆ ನಾಲ್ಕು ದಿನಕ್ಕೆ 480 ಲೀಟರ್. ಅದಕ್ಕೇ ಇನ್ನೂ ಮುಕ್ಕಾಲು ಗಂಟೆಗಿಂತ ಜಾಸ್ತಿ ನೀರು ಬೇಕು.